ಟ್ಯೂನ್ ಮಾಡಿದ ಟರ್ಬೊ ಕಾರಿಗೆ ಯಾವ ಸ್ಪಾರ್ಕ್ ಪ್ಲಗ್ ಹಾಕಬೇಕು?

ಪ್ರಶ್ನೆ: ನನ್ನದು 2 ಲೀಟರ್ ಟರ್ಬೊ ಪೆಟ್ರೋಲ್ ಕಾರು, ಡೈರೆಕ್ಟ್ ಇಂಜೆಕ್ಷನ್ ಎಂಜಿನ್. 45,000 ಕಿ.ಮೀ. ಓಡಿದೆ. ಈಚೆಗೆ ಇಸಿಯು ರೀಮ್ಯಾಪ್ ಮಾಡಿಸಿದೆ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸುವುದು), ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಹೆಚ್ಚಾಗಿದೆ. ಪ್ಲಗ್‌ಗಳು ಮಾತ್ರ ಕಂಪನಿಯಿಂದ ಬಂದವೇ. ಈಗ ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ 3,500 ಆರ್‌ಪಿಎಂ ಹತ್ತಿರ ಗಾಡಿ ಒಂದೆರಡು ಸಲ ಮುಗ್ಗರಿಸುತ್ತದೆ. ಮಾಮೂಲಿ ಓಡಾಟದಲ್ಲಿ ಏನೂ ತೊಂದರೆ ಇಲ್ಲ. ಒಬ್ಬರು ಎರಡು ಹಂತ ಕೋಲ್ಡ್ ಪ್ಲಗ್ ಹಾಕಿ ಅಂತಾರೆ. ಇನ್ನೊಬ್ಬರು ಇರಿಡಿಯಂ ಹಾಕಿದರೆ ಪವರ್ ಜಾಸ್ತಿ ಅಂತಾರೆ. ಮತ್ತೊಬ್ಬರು ತಾಮ್ರದ ಪ್ಲಗ್ಗೇ ಒಳ್ಳೆಯದು ಅಂತಾರೆ. ಯಾವುದನ್ನು ಆರಿಸಲಿ? ನಾನೇ ಬದಲಿಸಬಹುದಾ?

ಉತ್ತರ: ನೀವೇ ಬದಲಿಸಬಹುದು. ಒಂದು ಟಾರ್ಕ್ ರೆಂಚ್ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಯಾವ ಪ್ಲಗ್ ಅನ್ನುವುದಕ್ಕೆ ಚಿಕ್ಕ ಉತ್ತರ ಇಷ್ಟು: ಕಂಪನಿ ಹೇಳಿದ ಅಳತೆಯದ್ದೇ ಹೊಸ ಪ್ಲಗ್ ಸೆಟ್ ತೆಗೆದುಕೊಳ್ಳಿ, ಹೆಚ್ಚೆಂದರೆ ಒಂದು ಹಂತ ಕೋಲ್ಡ್ (ಬಿಸಿ ಬೇಗ ಬಿಟ್ಟುಕೊಡುವ ಪ್ಲಗ್), ಗ್ಯಾಪ್ (ಕಿಡಿ ಹಾರುವ ಸಂದು) 0.7 ಮಿ.ಮೀ. ಹತ್ತಿರ. ಎರಡು ಹಂತ ಬೇಡ. ಇರಿಡಿಯಂ ಹಾಕಿ, ಆದರೆ ಪವರ್ ಬರುತ್ತದೆ ಅಂತ ಅಲ್ಲ.

ಈ ವಿಷಯದಲ್ಲಿ ಹೆಚ್ಚಿನವರು ಲೋಹದಿಂದ ಶುರು ಮಾಡುತ್ತಾರೆ. ಇರಿಡಿಯಮ್ಮಾ, ಪ್ಲಾಟಿನಮ್ಮಾ, ತಾಮ್ರವಾ ಅಂತ. ಟ್ಯೂನ್ ಮಾಡಿದ ಕಾರಿಗೆ ಅದು ಕೊನೆಯ ಪ್ರಶ್ನೆ. ಮೊದಲು ನೋಡಬೇಕಾದ್ದು ಗ್ಯಾಪ್. ಆಮೇಲೆ ಹೀಟ್ ರೇಂಜ್. ಲೋಹದ ಮಾತು ಅದರ ನಂತರ.

ನಿಮ್ಮ ಗಾಡಿಯ ಲಕ್ಷಣವನ್ನೇ ನೋಡಿ. ಐಡ್ಲಿಂಗ್ ಸರಿ ಇದೆ, ನಿಧಾನವಾಗಿ ಓಡಿಸಿದರೆ ಸರಿ ಇದೆ, ಪೂರ್ತಿ ಒತ್ತಿದಾಗ ಮಾತ್ರ ಮುಗ್ಗರಿಸುತ್ತದೆ. ಅದೂ 6,000 ಆರ್‌ಪಿಎಂನಲ್ಲಿ ಅಲ್ಲ, 3,500ರಲ್ಲಿ. ಟರ್ಬೊ ಎಂಜಿನ್‌ನಲ್ಲಿ ಟಾರ್ಕ್ (ತಿರುಗಿಸುವ ಬಲ) ತುದಿ ಮುಟ್ಟುವುದು ಹೆಚ್ಚುಕಮ್ಮಿ ಅಲ್ಲೇ. ಟಾರ್ಕ್ ಹೆಚ್ಚಿದ್ದಾಗಲೇ ಸಿಲಿಂಡರ್ ಒಳಗಿನ ಒತ್ತಡವೂ ಹೆಚ್ಚು. ಕಿಡಿ ಹಾರುವ ಕ್ಷಣದಲ್ಲಿ ಪ್ಲಗ್ ತುದಿಯ ಸುತ್ತ ಗಾಳಿ ಮತ್ತು ಪೆಟ್ರೋಲ್ ಒತ್ತಿಕೊಂಡು ದಟ್ಟವಾಗಿರುತ್ತವೆ. ದಟ್ಟ ಅನಿಲದ ನಡುವೆ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಗ್ಯಾಪ್ ಅಗಲವಾದಷ್ಟೂ ಇನ್ನೂ ಹೆಚ್ಚು ಬೇಕು.

ಈ ವೋಲ್ಟೇಜ್ ಕೊಡುವುದು ಇಗ್ನಿಷನ್ ಕಾಯಿಲ್. ಅದಕ್ಕೂ ಒಂದು ಮಿತಿ ಇದೆ. ಬೇಕಾದ ವೋಲ್ಟೇಜ್ ಆ ಮಿತಿ ದಾಟಿದರೆ ಕಿಡಿ ಹಾರುವುದೇ ಇಲ್ಲ. ಇಲ್ಲವೇ ಸುಲಭದ ದಾರಿ ಹುಡುಕಿಕೊಂಡು ಪ್ಲಗ್‌ನ ಪಿಂಗಾಣಿಯ ಹೊರಮೈ ಮೇಲೆ ಹರಿದು ಸಿಲಿಂಡರ್ ಹೆಡ್‌ಗೆ (ಪ್ಲಗ್ ಕೂರುವ ಎಂಜಿನ್‌ನ ಮೇಲ್ಭಾಗ) ಇಳಿಯುತ್ತದೆ. ಎರಡರಲ್ಲೂ ಆ ಸಿಲಿಂಡರ್ ಆ ಸುತ್ತಿನಲ್ಲಿ ಉರಿಯಲಿಲ್ಲ ಅಂತಲೇ ಅರ್ಥ. ನಿಮಗೆ ಗೊತ್ತಾಗುವುದು ಒಂದು ಸಣ್ಣ ಜರ್ಕ್.

ಈಗ ನಿಮ್ಮ ಹಳೇ ಪ್ಲಗ್‌ಗಳ ಸ್ಥಿತಿ ಯೋಚಿಸಿ. 45,000 ಕಿ.ಮೀ. ಓಡಿದ ಮೇಲೆ ಎಲೆಕ್ಟ್ರೋಡ್ (ಕಿಡಿ ಹಾರುವ ಲೋಹದ ತುದಿ) ಸ್ವಲ್ಪ ಸ್ವಲ್ಪವೇ ಸವೆದು ಗ್ಯಾಪ್ ಅಗಲವಾಗಿರುತ್ತದೆ. ಜೊತೆಗೆ ಅಂಚುಗಳು ಉರುಟಾಗಿರುತ್ತವೆ. ಕಿಡಿ ಚೂಪಾದ ಅಂಚಿನಿಂದ ಸುಲಭವಾಗಿ ಹಾರುತ್ತದೆ, ಉರುಟಾದ ಅಂಚಿನಿಂದ ಕಷ್ಟಪಟ್ಟು ಹಾರುತ್ತದೆ. ರೀಮ್ಯಾಪ್‌ಗೆ ಮುಂಚೆ ಇಷ್ಟೆಲ್ಲ ಆಗಿದ್ದರೂ ಕಾಯಿಲ್ ಹೇಗೋ ನಿಭಾಯಿಸುತ್ತಿತ್ತು. ಬೂಸ್ಟ್ ಹೆಚ್ಚಿದ ಮೇಲೆ ಅದರ ಕೈ ಮೀರಿತು. ಹಾಗಾಗಿ ರೀಮ್ಯಾಪ್ ಕೆಟ್ಟದ್ದು, ಕಾಯಿಲ್ ಹಾಳಾಗಿದೆ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಮೊದಲ ಅನುಮಾನ ಪ್ಲಗ್ ಮೇಲೇ ಇರಲಿ.

ಗ್ಯಾಪ್ ಎಷ್ಟಿರಬೇಕು? ಟರ್ಬೊ ಇಲ್ಲದ ಎಂಜಿನ್‌ಗಳಲ್ಲಿ 1.0ರಿಂದ 1.1 ಮಿ.ಮೀ. ಸಾಮಾನ್ಯ. ಗ್ಯಾಪ್ ಅಗಲವಾಗಿದ್ದರೆ ಕಿಡಿ ಉದ್ದವಾಗಿರುತ್ತದೆ, ಹೊತ್ತಿಕೊಳ್ಳುವ ಮೊದಲ ಕಿಡಿಗೋಳ ದೊಡ್ಡದಾಗುತ್ತದೆ, ಐಡ್ಲಿಂಗ್ ನಯವಾಗಿರುತ್ತದೆ. ಟರ್ಬೊ ಎಂಜಿನ್‌ಗೆ ಆ ಐಷಾರಾಮ ಇಲ್ಲ. ಕಂಪನಿಯವರೇ 0.7ರಿಂದ 0.8 ಮಿ.ಮೀ. ಇಡುವುದು ಹೆಚ್ಚು. ಬೂಸ್ಟ್ ಏರಿಸಿದ ಕಾರಿಗೆ 0.65ರಿಂದ 0.7 ಒಳ್ಳೆಯ ಆರಂಭ. ಆಮೇಲೂ ಮುಗ್ಗರಿಸಿದರೆ 0.05 ಮಿ.ಮೀ. ಕಡಿಮೆ ಮಾಡಿ ನೋಡಬಹುದು. ಒಮ್ಮೆಲೇ 0.5ಕ್ಕೆ ಇಳಿಸಬೇಡಿ. ಗ್ಯಾಪ್ ತೀರಾ ಕಿರಿದಾದರೆ ಹುಟ್ಟಿದ ಜ್ವಾಲೆಯ ಬಿಸಿಯನ್ನು ಎಲೆಕ್ಟ್ರೋಡ್‌ಗಳೇ ಹೀರಿಕೊಳ್ಳುತ್ತವೆ. ಐಡ್ಲಿಂಗ್ ಒರಟಾಗುತ್ತದೆ, ತಣ್ಣಗಿನ ಸ್ಟಾರ್ಟ್ ತಕರಾರು ಮಾಡುತ್ತದೆ. ಮುಗ್ಗರಿಸದಷ್ಟು ಕಿರಿದು, ಐಡ್ಲಿಂಗ್ ಕೆಡದಷ್ಟು ಅಗಲ. ನೀವು ಹುಡುಕಬೇಕಾದ ಜಾಗ ಅದು.

ಇನ್ನು ಹೀಟ್ ರೇಂಜ್. ಇದರ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಅನ್ನುವುದಕ್ಕೂ ಕಿಡಿಯ ಬಿಸಿಗೂ ಸಂಬಂಧವೇ ಇಲ್ಲ. ಎರಡರ ಕಿಡಿಯೂ ಒಂದೇ. ಪ್ಲಗ್ ತುದಿಗೆ ಬಿದ್ದ ಬಿಸಿ ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ಇಳಿದುಹೋಗುತ್ತದೆ ಅನ್ನುವುದಷ್ಟೇ ಹೀಟ್ ರೇಂಜ್. ಪ್ಲಗ್ ಒಳಗೆ ನಡುವಿನ ಎಲೆಕ್ಟ್ರೋಡ್ ಸುತ್ತ ಬಿಳಿ ಪಿಂಗಾಣಿಯ ಮೂಗು ಕಾಣುತ್ತದಲ್ವಾ? ಅದು ಉದ್ದವಾಗಿದ್ದರೆ ಬಿಸಿ ಇಳಿಯುವ ದಾರಿ ಉದ್ದ, ತುದಿ ಹೆಚ್ಚು ಕಾಯುತ್ತದೆ, ಅದು ಹಾಟ್ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಬಿಸಿ ಬೇಗ ಇಳಿಯುತ್ತದೆ, ಅದು ಕೋಲ್ಡ್ ಪ್ಲಗ್.

ಆ ತುದಿ ಇರಬೇಕಾದ ಉಷ್ಣತೆಗೆ ಒಂದು ಕೆಳಮಿತಿ, ಒಂದು ಮೇಲ್ಮಿತಿ ಇದೆ. ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೇಲೆ ಕೂತ ಮಸಿ ತಾನೇ ಸುಟ್ಟುಹೋಗುತ್ತದೆ. ಅದಕ್ಕಿಂತ ಕಡಿಮೆಯಲ್ಲೇ ಇದ್ದರೆ ಮಸಿ ಕಟ್ಟುತ್ತಾ ಹೋಗುತ್ತದೆ. ಮಸಿ ವಿದ್ಯುತ್ ಹಾಯಿಸುತ್ತದೆ, ಕಿಡಿ ಗ್ಯಾಪ್ ದಾಟುವ ಬದಲು ಮಸಿಯ ಮೇಲೆ ಸೋರಿಹೋಗುತ್ತದೆ. ಮೇಲ್ಮಿತಿ 800ರಿಂದ 850 ಡಿಗ್ರಿ ಹತ್ತಿರ. ಅದನ್ನು ತುಂಬಾ ಮೀರಿದರೆ ಪ್ಲಗ್ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮುಂಚೆಯೇ ಪೆಟ್ರೋಲ್ ಹೊತ್ತಿಸುತ್ತದೆ. ಪ್ರೀ-ಇಗ್ನಿಷನ್ ಅನ್ನುವುದು ಇದನ್ನೇ. ಮಸಿ ಕಟ್ಟಿದರೆ ನಿಮ್ಮ ಖರ್ಚು ಒಂದು ಸೆಟ್ ಪ್ಲಗ್. ಪ್ರೀ-ಇಗ್ನಿಷನ್ ಆದರೆ ಪಿಸ್ಟನ್ ಹೋಗಬಹುದು. ಹೆಚ್ಚು ಬೂಸ್ಟ್ ಇರುವ ಕಾರಿಗೆ ಕೋಲ್ಡ್ ಪ್ಲಗ್ ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಎರಡು ಹಂತ ಯಾಕೆ ಬೇಡ? ಒಂದು ಹಂತ ಬದಲಾದರೆ ತುದಿಯ ಉಷ್ಣತೆ ಅಂದಾಜು 70ರಿಂದ 100 ಡಿಗ್ರಿ ಬದಲಾಗುತ್ತದೆ. ಕಂಪನಿಗಿಂತ 75ರಿಂದ 100 ಹಾರ್ಸ್‌ಪವರ್ ಹೆಚ್ಚಾದಾಗ ಒಂದು ಹಂತ ಕೋಲ್ಡ್‌ಗೆ ಹೋಗಬೇಕು ಅನ್ನುವುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಲೆಕ್ಕ. ಬರೀ ರೀಮ್ಯಾಪ್ ಮಾಡಿಸಿದ 2 ಲೀಟರ್ ಎಂಜಿನ್ ಇದನ್ನು ದಾಟುವುದು ಕಷ್ಟ. ಹಾಗಾಗಿ ಒಂದು ಹಂತ ಸಾಕು. ಜೋರಾಗಿ ಓಡಿಸುವುದು ಅಪರೂಪ, ದಿನಾ ಓಡಾಟ ಐದಾರು ಕಿಲೋಮೀಟರ್ ಅಷ್ಟೇ ಅಂತಾದರೆ ಕಂಪನಿ ಹೇಳಿದ ಹೀಟ್ ರೇಂಜ್‌ನಲ್ಲೇ ಇರಿ, ಗ್ಯಾಪ್ ಮಾತ್ರ ಕಡಿಮೆ ಮಾಡಿ. ಎರಡು ಹಂತದ ಪ್ಲಗ್ ಟ್ರ್ಯಾಕ್ ಮೇಲೆ ಚೆನ್ನಾಗಿರುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಕಾರಿನಲ್ಲಿ ಕಾಯುವುದೇ ಇಲ್ಲ, ಮಸಿ ಹಿಡಿಯುತ್ತದೆ.

ಇನ್ನೊಂದು ಮುಖ್ಯ ಮಾತು. ಟ್ಯೂನ್ ಮಾಡಿದವರು ಯಾವ ಪ್ಲಗ್, ಎಷ್ಟು ಗ್ಯಾಪ್ ಅಂತ ಹೇಳಿದ್ದರೆ ಅದನ್ನೇ ಪಾಲಿಸಿ. ಆ ಮ್ಯಾಪ್‌ನಲ್ಲಿ ಬೂಸ್ಟ್, ಟೈಮಿಂಗ್ (ಕಿಡಿ ಹಾರುವ ಸಮಯ) ಎಷ್ಟಿದೆ ಅನ್ನುವುದು ಅವರಿಗೆ ಗೊತ್ತು. ಅವರು ಹೇಳಿಲ್ಲ ಅಂದರೆ ಫೋನ್ ಮಾಡಿ ಕೇಳಿ. ಇದು ನಾಚಿಕೊಳ್ಳುವ ಪ್ರಶ್ನೆ ಅಲ್ಲ.

ಕೊಳ್ಳುವಾಗ ನಂಬರ್‌ಗಳ ವಿಷಯದಲ್ಲಿ ಹುಷಾರಾಗಿರಿ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಪೂರ್ತಿ ಉಲ್ಟಾ, ನಂಬರ್ ದೊಡ್ಡದಾದಷ್ಟೂ ಹಾಟ್. ಎನ್‌ಜಿಕೆಯ 6 ಅಂದರೆ ಡೆನ್ಸೊದಲ್ಲಿ 20, 7 ಅಂದರೆ 22, 8 ಅಂದರೆ 24. ಬಾಷ್ ಪ್ಲಗ್ ಇರುವ ಕಾರಿಗೆ 'ಒಂದು ನಂಬರ್ ಮೇಲಿನದು ಕೊಡಿ' ಅಂತ ಕೇಳಿ ತಂದರೆ ಒಂದು ಹಂತ ಹಾಟ್ ಪ್ಲಗ್ ಕೈಗೆ ಬರುತ್ತದೆ. ಟ್ಯೂನ್ ಮಾಡಿದ ಟರ್ಬೊ ಎಂಜಿನ್‌ಗೆ ಇದಕ್ಕಿಂತ ಅಪಾಯದ ತಪ್ಪು ಬೇರೆ ಇಲ್ಲ.

ಪ್ಲಗ್ ಮೇಲಿನ ಕೋಡ್ ಓದುವುದು ಕಲಿತರೆ ಯಾರನ್ನೂ ಕೇಳಬೇಕಿಲ್ಲ. ಎನ್‌ಜಿಕೆಯ ಬಿಕೆಆರ್7ಇ ಅನ್ನುವುದನ್ನೇ ತೆಗೆದುಕೊಳ್ಳಿ. ಬಿ ಅಂದರೆ 14 ಮಿ.ಮೀ. ಥ್ರೆಡ್. ಕೆ ಅಂದರೆ 16 ಮಿ.ಮೀ. ಸಾಕೆಟ್ ಬೇಕು. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. 7 ಹೀಟ್ ರೇಂಜ್. ಇ ಅಂದರೆ ಥ್ರೆಡ್ ಉದ್ದ 19 ಮಿ.ಮೀ. ಕೊನೆಗೆ 11 ಅಂತ ಇದ್ದರೆ ಗ್ಯಾಪ್ 1.1 ಮಿ.ಮೀ. ಹೀಟ್ ರೇಂಜ್ ಅಂಕಿ ಮತ್ತು ಗ್ಯಾಪ್ ಬಿಟ್ಟು ಉಳಿದ ಯಾವುದನ್ನೂ ಬದಲಿಸಬೇಡಿ. ಥ್ರೆಡ್ ಉದ್ದ ಜಾಸ್ತಿಯಾದರೆ ಪ್ಲಗ್ ಪಿಸ್ಟನ್‌ಗೆ ತಾಗಬಹುದು. ಕಡಿಮೆಯಾದರೆ ಹೆಡ್‌ನ ಖಾಲಿ ಥ್ರೆಡ್‌ಗಳಲ್ಲಿ ಮಸಿ ಗಟ್ಟಿಯಾಗಿ ಕೂರುತ್ತದೆ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಕಿಡಿ ಹುಟ್ಟಿಸುವ ರೇಡಿಯೊ ಗದ್ದಲ ಇಸಿಯು ಮತ್ತು ಸೆನ್ಸರ್‌ಗಳಿಗೆ ತೊಂದರೆ ಕೊಡುತ್ತದೆ. ಹಳೇ ರೇಸ್ ಕಾರುಗಳಲ್ಲಿ ರೆಸಿಸ್ಟರ್ ಇರಲಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಆ ಕಾರುಗಳಲ್ಲಿ ಕಂಪ್ಯೂಟರ್ ಕೂಡ ಇರಲಿಲ್ಲ.

ಕೆಲವು ಎಂಜಿನ್‌ಗಳಿಗೆ ತಮ್ಮದೇ ನಿಯಮ ಇರುತ್ತದೆ. ಮಜ್ದಾ ಆರ್‌ಎಕ್ಸ್-7ರ ರೋಟರಿ ಎಂಜಿನ್‌ನಲ್ಲಿ ಪ್ರತಿ ರೋಟರ್‌ಗೆ ಎರಡು ಪ್ಲಗ್, ಲೀಡಿಂಗ್ ಒಂದು, ಟ್ರೇಲಿಂಗ್ ಒಂದು. ಎರಡರ ಹೀಟ್ ರೇಂಜ್ ಬೇರೆ ಬೇರೆ. ಅದಲುಬದಲು ಮಾಡುವ ಹಾಗಿಲ್ಲ. ಕೆಲವು ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಬಿಗಿದಾಗ ಪ್ಲಗ್‌ನ ಬಾಗಿದ ಎಲೆಕ್ಟ್ರೋಡ್ ಯಾವ ಕಡೆ ಮುಖ ಮಾಡಬೇಕು ಅನ್ನುವುದೂ ನಿಗದಿಯಾಗಿರುತ್ತದೆ. ಇಂಜೆಕ್ಟರ್ ಚಿಮ್ಮುವ ಪೆಟ್ರೋಲ್‌ಗೆ ಅದು ಅಡ್ಡ ಬರಬಾರದು ಅಂತ. ನಿಮ್ಮ ಕಾರಿನ ಸರ್ವೀಸ್ ಮ್ಯಾನುಯಲ್‌ನಲ್ಲಿ ಈ ಒಂದು ಸಾಲು ಇದೆಯಾ ಅಂತ ನೋಡಿಕೊಳ್ಳಿ.

ಈಗ ಲೋಹಕ್ಕೆ ಬರೋಣ. ತಾಮ್ರದ ಪ್ಲಗ್ ಅಂತ ಮಾರುವುದರಲ್ಲಿ ಕಿಡಿ ಹಾರುವ ತುದಿ ತಾಮ್ರದ್ದಲ್ಲ, ನಿಕಲ್ ಮಿಶ್ರಲೋಹದ್ದು. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ, ಬಿಸಿ ಎಳೆದುಕೊಳ್ಳಲು. ಇರಿಡಿಯಂ ಪ್ಲಗ್‌ಗಳಲ್ಲೂ ಸಾಮಾನ್ಯವಾಗಿ ಇದೇ ತಾಮ್ರದ ತಿರುಳು ಇರುತ್ತದೆ. ವ್ಯತ್ಯಾಸ ತುದಿಯಲ್ಲಿ. ನಿಕಲ್ ಕರಗುವುದು 1,455 ಡಿಗ್ರಿಯಲ್ಲಿ, ಪ್ಲಾಟಿನಂ 1,768ರಲ್ಲಿ, ಇರಿಡಿಯಂ 2,446ರಲ್ಲಿ. ಇರಿಡಿಯಂ ಅಷ್ಟು ಗಟ್ಟಿ ಇರುವುದರಿಂದ ತುದಿಯನ್ನು 0.4ರಿಂದ 0.6 ಮಿ.ಮೀ.ನಷ್ಟು ತೆಳ್ಳಗೆ ಮಾಡಬಹುದು. ತೆಳ್ಳಗಿನ ತುದಿಯಿಂದ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ನಿಮ್ಮ ಕಾರಿಗೆ ಅದರಿಂದ ಲಾಭ ಇದೆ, ಕಾಯಿಲ್ ಮೇಲಿನ ಹೊರೆ ಇಳಿಯುತ್ತದೆ. ಪವರ್ ಹೆಚ್ಚಾಗುತ್ತದಾ? ಇಲ್ಲ. ಕಿಡಿ ತಪ್ಪದೆ ಹಾರುತ್ತಿರುವ ಎಂಜಿನ್‌ಗೆ ಯಾವ ಲೋಹದ ಪ್ಲಗ್ ಹಾಕಿದರೂ ಹಾರ್ಸ್‌ಪವರ್ ಏರುವುದಿಲ್ಲ. ಹಳೇ ಪ್ಲಗ್ ತೆಗೆದು ಹೊಸದು ಹಾಕಿದಾಗ ಗಾಡಿ ಚುರುಕಾದಂತೆ ಅನಿಸುವುದು ನಿಜ. ಆದರೆ ಅದು ಕಳೆದುಹೋಗಿದ್ದ ಪವರ್ ವಾಪಸ್ ಬಂದದ್ದು.

ನಿಕಲ್ ಪ್ಲಗ್ ಹಾಕಿದರೆ ತಪ್ಪೇನಿಲ್ಲ. ಟ್ರ್ಯಾಕ್‌ಗೆ ಹೋಗುವ ಎಷ್ಟೋ ಜನ ಬೇಕೆಂದೇ ಅದನ್ನು ಹಾಕುತ್ತಾರೆ. ಬೆಲೆ ಕಡಿಮೆ, ಗ್ಯಾಪ್ ಸರಿಪಡಿಸುವುದು ಸುಲಭ, ಪದೇ ಪದೇ ಬದಲಿಸಬಹುದು. ಆದರೆ ಬೇಗ ಸವೆಯುತ್ತದೆ. ಬೂಸ್ಟ್ ಹೆಚ್ಚಿದ್ದರೆ 15,000 ಕಿ.ಮೀ. ಒಳಗೇ ಗ್ಯಾಪ್ ನೋಡಲೇಬೇಕು. ನಿಮ್ಮ ಎಂಜಿನ್‌ನಲ್ಲಿ ಪ್ಲಗ್ ತಲುಪುವುದು ಸುಲಭ ಇದ್ದರೆ ಅದೂ ಒಂದು ದಾರಿ. ಸುಬಾರುವಿನಂಥ ಬಾಕ್ಸರ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಅಡ್ಡ ಮಲಗಿರುತ್ತವೆ, ಪ್ಲಗ್ ಮತ್ತು ಬಾಡಿಯ ನಡುವೆ ಕೈ ತೂರಿಸುವಷ್ಟೂ ಜಾಗ ಇರುವುದಿಲ್ಲ. ಅಂಥ ಕಾರಿಗೆ ಇರಿಡಿಯಮ್ಮೇ ಸರಿ. ಎರಡು, ಮೂರು, ನಾಲ್ಕು ಹೊರ ಎಲೆಕ್ಟ್ರೋಡ್ ಇರುವ ಪ್ಲಗ್‌ಗಳೂ ಬರುತ್ತವೆ. ನಾಲ್ಕಿದ್ದರೆ ನಾಲ್ಕು ಕಿಡಿ ಅಂತ ತಿಳಿಯಬೇಡಿ. ಒಂದು ಸಲಕ್ಕೆ ಒಂದೇ ಕಿಡಿ, ಯಾವ ಎಲೆಕ್ಟ್ರೋಡ್ ಸುಲಭವೋ ಅದಕ್ಕೆ. ಸವೆತ ಹಂಚಿಹೋಗುತ್ತದೆ, ಅಷ್ಟೇ ಲಾಭ. ಗ್ಯಾಪ್ ಸರಿಪಡಿಸುವುದು ಮಾತ್ರ ದೊಡ್ಡ ರಗಳೆ.

ಇರಿಡಿಯಂ ಪ್ಲಗ್‌ನ ನಕಲಿ ಮಾಲು ಬಹಳ. ಬೆಲೆ ಅನುಮಾನ ಹುಟ್ಟಿಸುವಷ್ಟು ಕಡಿಮೆ ಇದ್ದರೆ ಬಿಟ್ಟುಬಿಡಿ. ಅಸಲಿಯಲ್ಲಿ ನಡುವಿನ ತುದಿ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಸರಿಯಾಗಿ ಮಧ್ಯದಲ್ಲಿರುತ್ತದೆ, ಬೆಸುಗೆ ಅಚ್ಚುಕಟ್ಟಾಗಿರುತ್ತದೆ. ನಾಲ್ಕು ಪ್ಲಗ್ ಸಾಲಾಗಿ ಇಟ್ಟು ನೋಡಿ. ಒಂದೊಂದು ಒಂದೊಂದು ಥರ ಕಂಡರೆ ವಾಪಸ್ ಕೊಡಿ.

ಬದಲಿಸುವ ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡುವುದು ಒಳ್ಳೆಯದು. ಹೆಡ್ ಅಲ್ಯೂಮಿನಿಯಂನದು, ಪ್ಲಗ್‌ನ ಮೈ ಉಕ್ಕಿನದು. ಬಿಸಿಯಲ್ಲಿ ಎರಡೂ ಒಂದೇ ಥರ ಹಿಗ್ಗುವುದಿಲ್ಲ. ಬಿಸಿಯಾಗಿರುವಾಗ ತಿರುಗಿಸಿದರೆ ಹೆಡ್‌ನ ಥ್ರೆಡ್ ಕಿತ್ತುಬರುವ ಅಪಾಯ ಇದೆ.

ಮೇಲಿನ ಕವರ್ ತೆಗೆದು ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ. ಆ ಪ್ಲಾಸ್ಟಿಕ್ ಲಾಕ್ ಬಿಸಿಗೆ ಒಣಗಿ ಬಿರುಸಾಗಿರುತ್ತದೆ, ಜೋರಾಗಿ ಎಳೆದರೆ ಚಟ್ ಅಂತ ಮುರಿಯುತ್ತದೆ. ಸಣ್ಣ ಸ್ಕ್ರೂಡ್ರೈವರ್‌ನಿಂದ ಎತ್ತಿ, ಮೊದಲು ಸ್ವಲ್ಪ ಒಳಗೆ ಒತ್ತಿ, ಆಮೇಲೆ ಎಳೆಯಿರಿ. ಕಾಯಿಲ್ ನೇರ ಮೇಲೆತ್ತುವ ಮುಂಚೆ ಸ್ವಲ್ಪ ಆಚೀಚೆ ತಿರುಗಿಸಿದರೆ ರಬ್ಬರ್ ಬೂಟ್ ಬಿಟ್ಟುಕೊಳ್ಳುತ್ತದೆ. ಯಾವ ಕಾಯಿಲ್ ಯಾವ ಸಿಲಿಂಡರ್‌ನದು ಅಂತ ಗುರುತು ಹಾಕಿ.

ಆಮೇಲೆ ಪ್ಲಗ್ ಕೂತಿರುವ ಗುಂಡಿಗೆ ಗಾಳಿ ಹೊಡೆಯಿರಿ. ಕನ್ನಡಕ ಹಾಕಿಕೊಂಡೇ ಹೊಡೆಯಿರಿ. ಪ್ಲಗ್ ಕಾಲು ಸುತ್ತು ಸಡಿಲಿಸಿ ಇನ್ನೊಮ್ಮೆ ಹೊಡೆಯಿರಿ. ಅಲ್ಲಿ ಬಿದ್ದಿರುವ ಒಂದು ಮರಳಿನ ಕಾಳು ಸಿಲಿಂಡರ್‌ಗೆ ಇಳಿದರೂ ಗೋಡೆ ಗೀರುತ್ತದೆ. ಗುಂಡಿಯಲ್ಲಿ ಆಯಿಲ್ ಕಂಡರೆ ವಾಲ್ವ್ ಕವರ್ ಗ್ಯಾಸ್ಕೆಟ್ ಅಥವಾ ಪ್ಲಗ್ ಟ್ಯೂಬ್ ಸೀಲ್ ಸೋರುತ್ತಿದೆ ಅಂತ. ಆಯಿಲ್ ಕಾಯಿಲ್‌ನ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಅದನ್ನು ಸರಿಪಡಿಸದೆ ಪ್ಲಗ್ ಬದಲಿಸಿ ಪ್ರಯೋಜನ ಇಲ್ಲ.

ಹಳೇ ಪ್ಲಗ್‌ಗಳನ್ನು ತೆಗೆದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ. ಇಲ್ಲಿ ಅವಸರ ಮಾಡಬೇಡಿ, ಎಂಜಿನ್ ಒಳಗಿನ ಸುದ್ದಿಯೆಲ್ಲ ಇಲ್ಲಿದೆ. ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿ. ಮೂಗಿನ ಪಿಂಗಾಣಿ ತಿಳಿ ಕಂದು ಅಥವಾ ಹೆಚ್ಚುಕಮ್ಮಿ ಬಿಳಿ ಇದ್ದರೆ ಸರಿ. ಸೀಸ ಇಲ್ಲದ ಈಗಿನ ಪೆಟ್ರೋಲ್‌ನಲ್ಲಿ ಬಿಳಿ ಬಣ್ಣ ಕಂಡ ಮಾತ್ರಕ್ಕೆ ಎಂಜಿನ್ ಲೀನ್, ಅಂದರೆ ಪೆಟ್ರೋಲ್ ಕಡಿಮೆಯಾಗಿ, ಓಡುತ್ತಿದೆ ಅಂತಲ್ಲ. ಬಿಳಿ ಮೈ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಸಣ್ಣ ಕಪ್ಪು ಚುಕ್ಕೆಗಳು ಅಥವಾ ಹೊಳೆಯುವ ಅಲ್ಯೂಮಿನಿಯಂ ಕಣಗಳು ಕಂಡರೆ ಮಾತ್ರ ನಿಲ್ಲಿ. ಅದು ನಾಕಿಂಗ್ (ಪೆಟ್ರೋಲ್ ಹತೋಟಿ ತಪ್ಪಿ ಸಿಡಿದಂತೆ ಉರಿಯುವುದು) ಗುರುತು. ಆ ಅಲ್ಯೂಮಿನಿಯಂ ನಿಮ್ಮ ಪಿಸ್ಟನ್‌ನಿಂದ ಬಂದದ್ದು. ಪ್ಲಗ್ ಬದಲಿಸಿ ಮುಂದೆ ಹೋಗುವ ವಿಷಯ ಅಲ್ಲ ಅದು, ಗಾಡಿ ಟ್ಯೂನ್ ಮಾಡಿದವರ ಹತ್ತಿರ ವಾಪಸ್ ಹೋಗಬೇಕು. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಪ್ಲಗ್ ತೀರಾ ಕೋಲ್ಡ್. ಹಸಿ, ಜಿಡ್ಡು ಕಪ್ಪು ಇದ್ದರೆ ಆಯಿಲ್.

ಹೊರಮೈಯನ್ನೂ ನೋಡಿ. ಲೋಹ ಮುಗಿದು ಪಿಂಗಾಣಿ ಶುರುವಾಗುವಲ್ಲಿ ಕಂದು ಬಣ್ಣದ ಉಂಗುರ ಕಂಡರೆ ಗ್ಯಾಸ್ ಸೋರಿದೆ ಅಂತ ಹಲವರು ಹೆದರುತ್ತಾರೆ. ಅದು ಕೊರೊನಾ ಕಲೆ. ಹೆಚ್ಚಿನ ವೋಲ್ಟೇಜ್ ಸುತ್ತಲಿನ ಗಾಳಿಯ ಆಯಿಲ್ ಕಣಗಳನ್ನು ಅಲ್ಲಿ ಅಂಟಿಸಿರುತ್ತದೆ, ತೊಂದರೆ ಇಲ್ಲ. ಆದರೆ ಪಿಂಗಾಣಿಯ ಉದ್ದಕ್ಕೆ ಪೆನ್ಸಿಲ್‌ನಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಿನಿಂದ ಹಾರಿದೆ. ನಿಮ್ಮ ಗಾಡಿಯ ಲಕ್ಷಣ ನೋಡಿದರೆ ಒಂದಾದರೂ ಪ್ಲಗ್‌ನಲ್ಲಿ ಇದು ಸಿಗಬಹುದು. ಸಿಕ್ಕರೆ ಆ ಕಾಯಿಲ್‌ನ ರಬ್ಬರ್ ಬೂಟ್ ಒಳಗೂ ಅದೇ ಗೆರೆ ಇರುತ್ತದೆ. ಬೂಟನ್ನೂ ಬದಲಿಸಿ, ಇಲ್ಲವಾದರೆ ಹೊಸ ಪ್ಲಗ್‌ನಲ್ಲೂ ಕಿಡಿ ಅದೇ ದಾರಿ ಹಿಡಿಯುತ್ತದೆ.

ಹೊಸ ಪ್ಲಗ್ ಪ್ಯಾಕೆಟ್ ಮೇಲೆ ಗ್ಯಾಪ್ ಸರಿ ಮಾಡಿದೆ ಅಂತ ಬರೆದಿದ್ದರೂ ಒಂದೊಂದನ್ನೂ ಅಳೆಯಿರಿ. ಸಾಗಣೆಯಲ್ಲಿ ಬದಲಾಗಿರುತ್ತದೆ. ನಾಣ್ಯದ ಆಕಾರದ ಗೇಜ್ ಬಳಸಬೇಡಿ. ಅದು ಇರಿಡಿಯಂ ತುದಿಯ ಮೇಲೆ ಒತ್ತುತ್ತದೆ, ಆ ತುದಿ ಗಡಸು ನಿಜ, ಆದರೆ ಬಾಗುವುದಿಲ್ಲ, ಮುರಿಯುತ್ತದೆ. ತಂತಿಯ ಗೇಜ್ ತೂರಿಸಿ ನೋಡಿ, ಹಗುರವಾಗಿ ಸವರಿಕೊಂಡು ಹೋಗಬೇಕು. ಕಡಿಮೆ ಮಾಡಬೇಕಿದ್ದರೆ ಹೊರಗಿನ ಬಾಗಿದ ಎಲೆಕ್ಟ್ರೋಡನ್ನು ಮಾತ್ರ ಗ್ಯಾಪಿಂಗ್ ಟೂಲ್‌ನಿಂದ ಸ್ವಲ್ಪ ಸ್ವಲ್ಪ ಬಗ್ಗಿಸಿ. ನಡುವಿನದ್ದಕ್ಕೆ ಯಾವ ಕಾರಣಕ್ಕೂ ಒತ್ತು ಕೊಡಬೇಡಿ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹಾಕಬೇಡಿ. ಪಿಂಗಾಣಿಯೊಳಗೆ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರಬಹುದು, ಅದು ಬೂಸ್ಟ್ ಏರಿದಾಗಲೇ ಕೈಕೊಡುವುದು.

ಹಾಕುವಾಗ ಮೊದಲ ಸುತ್ತುಗಳೆಲ್ಲ ಬರಿಗೈಯಲ್ಲೇ ಆಗಬೇಕು. ಸಾಕೆಟ್ ಮತ್ತು ಎಕ್ಸ್‌ಟೆನ್ಶನ್ ಸಾಕು, ರ್ಯಾಚೆಟ್ ಜೋಡಿಸಬೇಡಿ. ಮೊದಲು ಎಡಕ್ಕೆ ನಿಧಾನವಾಗಿ ತಿರುಗಿಸಿ, ಥ್ರೆಡ್ ಹೊಂದಿಕೊಂಡ ಕಡೆ ಸಣ್ಣಗೆ ಟಕ್ ಅಂತ ಕೂರುವುದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಅರ್ಧದಲ್ಲೇ ಬಿಗಿಯಾದರೆ ಬಲ ಹಾಕದೆ ತೆಗೆದು ಮತ್ತೆ ಹಿಡಿಯಿರಿ. ಓರೆಯಾಗಿ ಕೂತ ಪ್ಲಗ್ ಹೆಡ್‌ನ ಥ್ರೆಡ್ ತಿಂದರೆ ಆಮೇಲೆ ಇನ್ಸರ್ಟ್ ಹಾಕಿಸಬೇಕು, ಹೆಡ್ ಬಿಚ್ಚುವ ಪರಿಸ್ಥಿತಿಯೂ ಬರಬಹುದು.

ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲಿ. ನಿಮ್ಮ ಮ್ಯಾನುಯಲ್ ಹೇಳಿದ ಅಂಕಿಯೇ ಅಂತಿಮ. ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಪ್ಲಗ್‌ಗೆ 15ರಿಂದ 20. ಸಡಿಲ ಬಿಟ್ಟರೆ ವಾಷರ್ ಚಪ್ಪಟೆಯಾಗುವುದಿಲ್ಲ, ಬಿಸಿ ಹೆಡ್‌ಗೆ ಇಳಿಯುವುದಿಲ್ಲ, ನೀವು ಆರಿಸಿ ತಂದ ಕೋಲ್ಡ್ ಪ್ಲಗ್ ಹಾಟ್ ಪ್ಲಗ್ ಥರ ಕಾಯುತ್ತದೆ. ಥ್ರೆಡ್‌ಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಬೇಡಿ. ಈಗಿನ ಒಳ್ಳೆಯ ಪ್ಲಗ್‌ಗಳಿಗೆ ತುಕ್ಕು ಹಿಡಿಯದ ಲೇಪನ ಮೊದಲೇ ಇರುತ್ತದೆ. ಪೇಸ್ಟ್ ಹಚ್ಚಿದರೆ ಥ್ರೆಡ್ ಜಾರುತ್ತದೆ, ರೆಂಚ್ ಸರಿಯಾದ ಅಂಕಿ ತೋರಿಸುತ್ತಿದ್ದರೂ ಒಳಗೆ ಪ್ಲಗ್ ಅತಿಯಾಗಿ ಬಿಗಿದಿರುತ್ತದೆ. ಕಾಯಿಲ್ ಬೂಟ್‌ನ ಒಳ ಅಂಚಿಗೆ ಮಾತ್ರ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಮುಂದಿನ ಸಲ ಅಂಟಿಕೊಳ್ಳದೆ ಬರುತ್ತದೆ.

ಎಲ್ಲ ಮುಗಿದ ಮೇಲೆ ಸ್ಕ್ಯಾನರ್‌ನಲ್ಲಿ ಇಸಿಯು ದಾಖಲಿಸಿದ ಹಳೇ ದೋಷದ ಕೋಡ್‌ಗಳನ್ನು ಬರೆದಿಟ್ಟುಕೊಂಡು ಅಳಿಸಿ. ಎಂಜಿನ್ ಪೂರ್ತಿ ಬಿಸಿಯಾದ ನಂತರ ಸುರಕ್ಷಿತ ಜಾಗದಲ್ಲಿ ಮೊದಲಿನಂತೆಯೇ ನಾಲ್ಕನೇ ಗೇರ್‌ನಲ್ಲಿ ಒತ್ತಿ ನೋಡಿ. ಸರಿ ಹೋದರೆ ಕಂಪನಿ ಹೇಳಿದ ಅವಧಿಯ ಅರ್ಧಕ್ಕೆ ಪ್ಲಗ್ ಬದಲಿಸುವ ರೂಢಿ ಇಟ್ಟುಕೊಳ್ಳಿ. ಇರಿಡಿಯಂ 1 ಲಕ್ಷ ಕಿ.ಮೀ. ಬರುತ್ತದೆ ಅನ್ನುವ ಮಾತು ಟ್ಯೂನ್ ಮಾಡದ ಕಾರಿಗೆ. ನಿಮ್ಮ ಗಾಡಿಯಲ್ಲಿ 30,000 ಕಿ.ಮೀ. ಹೊತ್ತಿಗೆ ಒಮ್ಮೆ ತೆಗೆದು ಗ್ಯಾಪ್ ಅಳೆದರೆ ಎಷ್ಟು ಬೇಗ ಸವೆಯುತ್ತಿದೆ ಅಂತ ಗೊತ್ತಾಗುತ್ತದೆ.

ಇನ್ನೂ ಮುಗ್ಗರಿಸಿದರೆ ಕೋಡ್ ಓದಿ. ಪಿ0301 ಅಂದರೆ ಒಂದನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್ (ಸರಿಯಾಗಿ ಉರಿಯದಿರುವುದು), ಪಿ0302 ಅಂದರೆ ಎರಡನೆಯದು, ಹೀಗೆ. ಒಂದೇ ಸಿಲಿಂಡರ್ ತೋರಿಸುತ್ತಿದ್ದರೆ ಅದರ ಕಾಯಿಲ್ ತೆಗೆದು ಪಕ್ಕದ ಸಿಲಿಂಡರ್‌ಗೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ಹಾಕಿ ಓಡಿಸಿ. ಕೋಡ್ ಕಾಯಿಲ್ ಹಿಂದೆ ಹೋದರೆ ಕಾಯಿಲ್ ಹಾಳು. ಅಲ್ಲೇ ಉಳಿದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ನೋಡಿಸಬೇಕು. ಪಿ0300 ಬಂದು ಎಲ್ಲ ಸಿಲಿಂಡರ್‌ಗಳಲ್ಲೂ ಅಷ್ಟಷ್ಟು ಮಿಸ್‌ಫೈರ್ ಕಂಡರೆ ಹೈ ಪ್ರೆಷರ್ ಫ್ಯೂಯಲ್ ಪಂಪ್ ಮತ್ತು ಬೂಸ್ಟ್ ಲೀಕ್ ಕಡೆ ಹೋಗಿ. ಆಗ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಫ್ಯೂಯಲ್ ಪ್ರೆಷರ್, ಬೂಸ್ಟ್, ಟೈಮಿಂಗ್ ಮೂರನ್ನೂ ಲಾಗ್ ಮಾಡಿ ಟ್ಯೂನ್ ಮಾಡಿದವರಿಗೆ ಕಳಿಸಿ. ಜೊತೆಗೆ ಹಳೇ ಪ್ಲಗ್‌ಗಳ ಹತ್ತಿರದ ಫೋಟೊಗಳನ್ನೂ ಕಳಿಸಿ, ಯಾವುದು ಯಾವ ಸಿಲಿಂಡರ್‌ನದು ಅಂತ ಬರೆದು.